ಹಾಡಿನ ಹಾದಿಯನ್ನೂ ಮಕ್ಕಳಿಗೆ ಕಲಿಸಿರಿ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಎಲ್ಲ ಶಾಲೆಗಳ ಮಾಸ್ತರರಿಗೆ, ಅಕ್ಕೋರಿಗೆ,



ನಿಮ್ಮಲ್ಲಿ ಬಹಳ ಮಂದಿ ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಮರಾಠಿಯಲ್ಲಿ ಪಾಠ ಹೇಳುವವರು. ಕೆಲವರದು ಉರ್ದು ಶಾಲೆ, ಕೆಲವರದು ಇಂಗ್ಲಿಷ್ ಮಾಧ್ಯಮ. ಶಾಲೆ ಯಾವುದಾದರೂ ಆಗಲಿ, ಈ ಭಾಗದಲ್ಲಿ ಹುಟ್ಟಿ ಬೆಳೆದವರಿಗೆ ಸಂತೆಯಲ್ಲೊಂದು ಮಾತು, ದೇವರ ಮುಂದೊಂದು ಮಾತು ರೂಢಿಯೇ ಇದೆ. ಆ ಧೈರ್ಯದ ಮೇಲೆ ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದಿದವರು ಪಕ್ಕದ ಮೇಜಿನವರಿಗೆ ಮರಾಠಿಯಲ್ಲಿ ಹೇಳಿದರೆ ಸಾಕು.

ನನ್ನ ವಿನಂತಿ ಒಂದೇ. ಮಕ್ಕಳಿಗೆ ಹಾಡು ಕಲಿಸುವಾಗ, ಅವರ ಕೈಗೆ ವಾದ್ಯ ಕೊಡುವಾಗ, ಅದು ಎಲ್ಲಿಂದ ಹೊರಟಿತು, ಯಾರ್ಯಾರ ಕೈ ದಾಟಿ ನಮ್ಮವರೆಗೆ ಬಂತು ಎಂಬುದನ್ನೂ ಕಲಿಸಿರಿ. ‘ಇದು ನಮ್ಮ ಹಾಡು’ ಎಂದು ಹೇಳಿ ಅಲ್ಲಿಗೇ ಬಿಡಬೇಡಿರಿ. ನಮ್ಮದು ಎನ್ನುವುದು ಹೇಗೆ ನಮ್ಮದಾಯಿತು ಎನ್ನುವ ಕತೆ ನಮ್ಮ ಮೂರೂ ಊರುಗಳಲ್ಲಿ ಸಿಗುವಷ್ಟು ದೂರದ ಊರುಗಳಲ್ಲಿ ಸಿಗಲಾರದು.

ಲೇಜಿಮಿನಿಂದಲೇ ಶುರುಮಾಡಬಹುದು. ಆಗಸ್ಟ್ 15, ಜನವರಿ 26 ಹತ್ತಿರ ಬಂತೆಂದರೆ ಸಾಲೆಯಂಗಳದಲ್ಲಿ ಅದರ ಸಪ್ಪಳ ಕೇಳುತ್ತದೆ. ಕಟ್ಟಿಗೆಯ ಹಿಡಿ, ಅದಕ್ಕೆ ಬಿಗಿದ ಕಬ್ಬಿಣದ ಸರಪಳಿ, ಸರಪಳಿಗೆ ಪೋಣಿಸಿದ ತಗಡಿನ ಬಿಲ್ಲೆಗಳು. ಇರಾನಿನ ಗರಡಿಮನೆಗಳಲ್ಲಿ ಬಿಲ್ಲುಗಾರರ ತೋಳು ಗಟ್ಟಿಯಾಗಲೆಂದು ಹೆದೆಯ ಜಾಗದಲ್ಲಿ ಸರಪಳಿ ಕಟ್ಟಿದ ಬಿಲ್ಲು ಎಳೆಯಿಸುತ್ತಿದ್ದರು. ಆ ಕಸರತ್ತು ದಖ್ಖಣದ ತಾಲೀಮುಗಳಿಗೆ ಬಂದು, ಇಲ್ಲಿಯ ಹಲಗಿಯ ಪೆಟ್ಟಿಗೆ ಹೊಂದಿಕೊಂಡು, ಕುಣಿತವೇ ಆಗಿಹೋಯಿತು. ಕೊಲ್ಹಾಪುರದ ಹುಡುಗನ ಕೈಯಲ್ಲೂ ಬೆಳಗಾವಿಯ ಹುಡುಗನ ಕೈಯಲ್ಲೂ ಇಂದು ಅದೇ ಲೇಜಿಮು. ಡ್ರಿಲ್ ಮಾಸ್ತರರು ‘ಏಕ್, ದೋನ್’ ಎನ್ನುವ ಮುಂಚೆ ಇಷ್ಟನ್ನು ಹೇಳಲು ಐದು ನಿಮಿಷವೂ ಬೇಡ.

ಇನ್ನು ಬ್ಯಾಂಜೋ. ಗಣಪತಿ ಮೆರವಣಿಗೆಯ ಬ್ಯಾಂಜೋ ಪಾರ್ಟಿ ನೋಡದ ಮಗು ನಮ್ಮಲ್ಲಿ ಇಲ್ಲ. ಎಡಗೈ ಟೈಪ್‌ರೈಟರಿನಂಥ ಗುಂಡಿಗಳನ್ನು ಒತ್ತುತ್ತದೆ, ಬಲಗೈ ತಂತಿ ಮೀಟುತ್ತದೆ. ಆ ಪೆಟ್ಟಿಗೆ ಜಪಾನಿನದು. 1912ರಲ್ಲಿ ನಾಗೋಯಾ ಊರಿನ ಗೋರೋ ಮೊರಿತಾ ಎಂಬವರು ಮಾಡಿದ ತೈಶೋಗೊಟೊ ಎಂಬ ವಾದ್ಯ ಹಡಗು ಹತ್ತಿ ಇಲ್ಲಿಗೆ ಬಂದು ಬುಲ್‌ಬುಲ್ ತರಂಗವಾಯಿತು, ನಮ್ಮ ಓಣಿಗಳಲ್ಲಿ ಬ್ಯಾಂಜೋ ಆಯಿತು. ನಿಜವಾದ ಬ್ಯಾಂಜೋ ಬೇರೆಯೇ. ಅದು ಅಮೆರಿಕದ ಕೆಂಟಕಿ, ಟೆನೆಸ್ಸೀ, ಉತ್ತರ ಕೆರೊಲಿನಾ ಸೀಮೆಯ ಗುಡ್ಡಗಾಡಿನ ಹಾಡುಗಾರಿಕೆಯ ಜೀವ. ಅದರ ಕತೆಯನ್ನು ನಾನಿಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ಕಾರಣವಿದೆ. ಅಲ್ಲಿ ಶಾಲೆಗಳು ಬಹುಕಾಲ ಮರೆತದ್ದನ್ನು ನಾವೂ ಇಲ್ಲಿ ಮರೆಯುತ್ತಿದ್ದೇವೆ.

ಬ್ಲೂಗ್ರಾಸ್ ಎನ್ನುವ ಆ ಸಂಗೀತಕ್ಕೆ ಹೆಸರು ತಂದವರು ಕೆಂಟಕಿಯ ಬಿಲ್ ಮನ್ರೋ. ಅವರ ಮೇಳದಲ್ಲಿ ಪಿಟೀಲು ಸ್ಕಾಟ್ಲೆಂಡ್, ಐರ್ಲೆಂಡ್‌ನಿಂದ ವಲಸೆ ಬಂದವರ ಕೈಯದು. ಮ್ಯಾಂಡೊಲಿನ್ ಇಟಲಿಯದು, ಗಿಟಾರ್ ಸ್ಪೇನಿನದು. ಬ್ಯಾಂಜೋ ಮಾತ್ರ ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದ ಜನರ ನೆನಪಿನಿಂದ ಹುಟ್ಟಿದ್ದು. ಒಣಗಿದ ಸೋರೆಬುರುಡೆಗೆ ಚರ್ಮ ಬಿಗಿದು, ಕೋಲು ಸಿಕ್ಕಿಸಿ, ತಂತಿ ಕಟ್ಟುತ್ತಿದ್ದರು. ಮನ್ರೋ ಹುಡುಗರಾಗಿದ್ದಾಗ ಊರಿನ ಕುಣಿತದ ಕೂಟಗಳಲ್ಲಿ ಜೊತೆಗೆ ಕೂತು ನುಡಿಸಿ ಕಲಿತದ್ದು ಆರ್ನಲ್ಡ್ ಶಲ್ಟ್ಸ್ ಎಂಬ ಕಪ್ಪು ಕಲಾವಿದರಿಂದ. ಶಲ್ಟ್ಸ್ 1931ರಲ್ಲಿ ತೀರಿಹೋದರು. ಅವರು ನುಡಿಸಿದ ಒಂದು ರೆಕಾರ್ಡೂ ಇಲ್ಲ. ಮನ್ರೋ ಬಾಯಿಬಿಟ್ಟು ಹೇಳಿದ್ದರಿಂದ ಹೆಸರಾದರೂ ಉಳಿಯಿತು. ಅದೇ ಹೊತ್ತಿಗೆ, 1920ರ ದಶಕದಲ್ಲಿ, ರೆಕಾರ್ಡ್ ಕಂಪನಿಗಳು ವ್ಯಾಪಾರಕ್ಕೆಂದು ಕಪ್ಪು ಜನರ ಹಾಡಿಗೊಂದು ಪಟ್ಟಿ, ಗುಡ್ಡಗಾಡಿನ ಬಿಳಿಯರ ಹಾಡಿಗೊಂದು ಪಟ್ಟಿ ಮಾಡಿ ಮಾರಿದವು. ಒಂದೇ ಕಟ್ಟೆಯ ಮೇಲೆ ಕೂತು ಹಾಡಿದವರು ಅಂಗಡಿಯಲ್ಲಿ ಎರಡು ಕಪಾಟು ಸೇರಿದರು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಬ್ಯಾಂಜೋ ಎಂದರೆ ಬಿಳಿಯರ ವಾದ್ಯ ಎಂದೇ ಮಕ್ಕಳು ತಿಳಿದರು.

ಆ ಮರೆವು ಕಳೆದದ್ದು ಹೇಗೆಂಬುದು ನಮಗೆ ಇನ್ನೂ ಮುಖ್ಯ. ರಿಯಾನನ್ ಗಿಡೆನ್ಸ್ ಮತ್ತು ಅವರ ಗೆಳೆಯರು, ಮೂವರು ಕಪ್ಪು ಯುವ ಕಲಾವಿದರು, ಉತ್ತರ ಕೆರೊಲಿನಾದ ಜೋ ಥಾಂಪ್ಸನ್ ಎಂಬ ಮುದುಕರ ಮನೆಗೆ ಹೋಗಿ ಹೋಗಿ, ಅವರ ಎದುರು ಕೂತು ಪಿಟೀಲು, ಬ್ಯಾಂಜೋ ಹಾಡುಗಳನ್ನು ಕಲಿತರು. ಅವರ ಮೇಳಕ್ಕೆ 2011ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಆಮೇಲೆ ಪಾಠಗಳೂ ತಿದ್ದಿಕೊಂಡವು. ಮೊದಲು ಆದದ್ದು ಮಾತ್ರ ಒಂದು ಮನೆಯ ಬಾಗಿಲು ತಟ್ಟಿದ್ದು.

ನಮ್ಮಲ್ಲೂ ಎರಡು ಕಪಾಟುಗಳಿವೆ. ಒಂದರ ಮೇಲೆ ‘ಮರಾಠಿ ಲೋಕಸಂಗೀತ’ ಎಂದು ಬರೆದಿದೆ, ಇನ್ನೊಂದರ ಮೇಲೆ ‘ಕನ್ನಡ ಜಾನಪದ’ ಎಂದು. 1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಬಿದ್ದ ಮೇಲೆ ಕಪಾಟುಗಳ ನಡುವೆ ಗೋಡೆಯೂ ಎದ್ದಿತು. ಆದರೆ ಡಪ್ಪು ಹಿಡಿದವರಿಗೆ ಆ ಗೋಡೆ ಗೊತ್ತಿಲ್ಲ. ಶಾಹೀರರ ಫಡ ನೋಡಿರಿ: ಮುಂದೆ ಡಪ್ಪು ಹಿಡಿದ ಮುಖ್ಯ ಹಾಡುಗಾರ, ಹಿಂದೆ ತುಂತುಣಿ, ತಾಳ, ಪಲ್ಲವಿ ಎಳೆಯುವ ಇಬ್ಬರು ಮೂವರು, ಅವರ ‘ಜೀ ಜೀ’. ಸಂಕೇಶ್ವರ ದಾಟಿ ಗೋಕಾಕದ ಕಡೆ ಹೋದರೆ ಅದೇ ಡಪ್ಪು, ಅದೇ ತುಂತುಣಿ, ಅದೇ ನಿಲುವು, ‘ಗೀಗೀ’. ಶಾಹೀರರಲ್ಲಿ ಕಲ್ಗಿ-ತುರಾ, ಗೀಗೀಯವರಲ್ಲಿ ಹರದೇಶಿ-ನಾಗೇಶಿ. ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಎಂದು ರಾತ್ರಿಯಿಡೀ ಹಾಡಿನಲ್ಲೇ ವಾದ. ಪೇಶ್ವೆಗಳ ಕಾಲದ ಲಾವಣಿಕಾರ ಸೊಲ್ಲಾಪುರದ ರಾಮ ಜೋಶಿ ಮರಾಠಿಯ ಜೊತೆಗೆ ಕನ್ನಡದಲ್ಲೂ ಪದ ಕಟ್ಟಿದರು. ಕೊಲ್ಹಾಪುರದಲ್ಲಿ ಪೋವಾಡ ಕಟ್ಟಿ ಹಾಡಿ ಹೆಸರಾದವರಲ್ಲಿ ಲಹರಿ ಹೈದರ್ ಒಬ್ಬರು. ಇಂಥ ಎರಡು ಹೆಸರನ್ನು ಪೋವಾಡದ ಪಾಠದ ಜೊತೆಗೆ ಹೇಳಿದರೆ ಮಗುವಿಗೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಮರಾಠಿ ನಾಟಕದ ಹುಟ್ಟನ್ನು ಶಾಲೆಯಲ್ಲಿ ಕಲಿಸುತ್ತೀರಿ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದರು ಎಂದು ಪರೀಕ್ಷೆಯಲ್ಲೂ ಕೇಳುತ್ತೀರಿ. ಅದರ ಹಿಂದಿನ ವರ್ಷ ಉತ್ತರ ಕನ್ನಡದ ಕರ್ಕಿಯಿಂದ ಬಂದ ಯಕ್ಷಗಾನ ಮೇಳದ ಆಟ ನೋಡಿ, ಅಂಥದ್ದನ್ನು ಮರಾಠಿಯಲ್ಲಿ ಮಾಡೆಂದು ಸಾಂಗಲಿಯ ದೊರೆ ಚಿಂತಾಮಣರಾವ ಪಟವರ್ಧನರು ಭಾವೆಯವರಿಗೆ ಹೇಳಿದ್ದನ್ನೂ ಅದೇ ಉಸಿರಿನಲ್ಲಿ ಹೇಳಿರಿ. 1880ರಲ್ಲಿ ‘ಸಂಗೀತ ಶಾಕುಂತಲ’ ಆಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಕೊಲ್ಹಾಪುರದ ರಂಗಮಂದಿರಕ್ಕೆ ಹೆಸರಾಗಿರುವ ಕೇಶವರಾವ ಭೋಸಲೆ ತಮ್ಮ ‘ಲಲಿತಕಲಾದರ್ಶ’ ಕಂಪನಿಯನ್ನು 1908ರಲ್ಲಿ ಕಟ್ಟಿದ್ದು ಹುಬ್ಬಳ್ಳಿಯಲ್ಲಿ. ಇದನ್ನು ಕೇಳಿದ ಮಗು ಯಾರ ಮೇಲೂ ಹಕ್ಕು ಸಾಧಿಸುವುದು ಬೇಡ. ಕಂಪನಿಗಳು ಎತ್ತಿನ ಗಾಡಿಯಲ್ಲಿ, ರೈಲಿನಲ್ಲಿ ಪರದೆ ಹೇರಿಕೊಂಡು ಊರೂರು ತಿರುಗುವಾಗ ಧಾಟಿಗಳೂ ತಿರುಗಿದವು ಎಂದು ತಿಳಿದರೆ ಆಯಿತು.

ಇಚಲಕರಂಜಿಯ ಶಿಕ್ಷಕರಿಗೆ ಪ್ರತ್ಯೇಕವಾಗಿ ಒಂದು ಮಾತು. ನಿಮ್ಮ ಊರೆಂದರೆ ಮಗ್ಗ, ನೂಲು, ಬಟ್ಟೆ ಎಂದಷ್ಟೇ ಮಕ್ಕಳಿಗೆ ಗೊತ್ತು. ಉತ್ತರ ಹಿಂದುಸ್ತಾನದ ಖ್ಯಾಲ್ ಗಾಯನ ದಖ್ಖಣಕ್ಕೆ ಬಂದು ಬೇರುಬಿಟ್ಟದ್ದು ನಿಮ್ಮ ಊರಿನ ಹೆಸರು ಹೊತ್ತ ಒಬ್ಬರಿಂದ. ಪಂಡಿತ ಬಾಳಕೃಷ್ಣಬುವಾ ಇಚಲಕರಂಜಿಕರ, 1849ರಲ್ಲಿ ಹತ್ತಿರದ ಚಂದೂರಿನಲ್ಲಿ ಹುಟ್ಟಿದವರು. ಗುರುವನ್ನು ಹುಡುಕಿಕೊಂಡು ಉತ್ತರಕ್ಕೆ ಹೋಗಿ ವಾಸುದೇವಬುವಾ ಜೋಶಿಯವರಲ್ಲಿ ಕಲಿತರು. ವಾಸುದೇವಬುವಾ ಗ್ವಾಲಿಯರಿನ ಹಸ್ಸೂ ಖಾನರ ಶಿಷ್ಯರು. ಊರಿಗೆ ಮರಳಿದ ಬಾಳಕೃಷ್ಣಬುವಾ ಮಿರಜ, ಇಚಲಕರಂಜಿಗಳಲ್ಲಿ ಪಾಠ ಹೇಳಿದರು. ಅವರ ಶಿಷ್ಯರಲ್ಲಿ ಒಬ್ಬರು ಕುರುಂದವಾಡದಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರ. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು, ಮನೆತನದ ಗುಟ್ಟಾಗಿದ್ದ ವಿದ್ಯೆಯನ್ನು ಶಾಲೆಯ ಪಾಠ ಮಾಡಿದವರು ಅವರು. ಇನ್ನೊಬ್ಬ ಶಿಷ್ಯರು ನೀಲಕಂಠಬುವಾ ಆಲೂರಮಠ; ಅವರ ಕೈಗೆ ಬಿದ್ದ ಹುಡುಗ ಧಾರವಾಡ ಹತ್ತಿರದ ಮನಸೂರಿನ ಮಲ್ಲಿಕಾರ್ಜುನ.

ಆ ಮಲ್ಲಿಕಾರ್ಜುನ ಮನಸೂರರ ಕತೆ ಕೊಲ್ಹಾಪುರದಲ್ಲಿ ಮುಂದುವರಿಯುತ್ತದೆ. ರಾಜಸ್ಥಾನದ ಉನಿಯಾರಾದಲ್ಲಿ ಹುಟ್ಟಿದ ಅಲ್ಲಾದಿಯಾ ಖಾನರು 1890ರ ದಶಕದಲ್ಲಿ ಕೊಲ್ಹಾಪುರಕ್ಕೆ ಬಂದು ಶಾಹೂ ಮಹಾರಾಜರ ದರಬಾರಿನ ಗವಾಯಿಗಳಾದರು. ಅವರ ಮಕ್ಕಳಾದ ಮಂಜೀ ಖಾನ್, ಭುರ್ಜೀ ಖಾನರಿಂದ ಮನಸೂರರು ಕಲಿತರು. ಜಂಗಮ ಗುರುವಿನಿಂದ ಗ್ವಾಲಿಯರಿನ ಗಾಯಕಿ, ಮುಸಲ್ಮಾನ ಗುರುಗಳಿಂದ ಜಯಪುರದ ಗಾಯಕಿ ಪಡೆದ ಅದೇ ಕಂಠದಿಂದ ಬಸವಣ್ಣನ, ಅಕ್ಕಮಹಾದೇವಿಯ ವಚನಗಳನ್ನು ನಾವು ಕೇಳಿದ್ದೇವೆ. ಕೊಲ್ಹಾಪುರದ ಬ್ರಾಹ್ಮಣ ಮನೆಯ ಹುಡುಗಿ ಧೋಂಡೂತಾಯಿ ಕುಲಕರ್ಣಿ ಕೂಡ ಭುರ್ಜೀ ಖಾನರ ಎದುರು ಕೂತು ಕಲಿತವರೇ. ಕೊಲ್ಹಾಪುರದವರೇ, ನಿಮ್ಮ ಊರಿನಲ್ಲೇ 1883ರಿಂದ ನಡೆದು ಬಂದ ಗಾಯನ ಸಮಾಜ ದೇವಲ ಕ್ಲಬ್ ಇದೆ. ಪನ್ಹಾಳಕ್ಕೆ ಪ್ರತಿವರ್ಷ ಮಕ್ಕಳ ಸಹಲು ಹೋಗುತ್ತದೆ. ಒಂದು ವರ್ಷ ದೇವಲ ಕ್ಲಬ್ಬಿಗೂ ಕರೆದುಕೊಂಡು ಹೋಗಿರಿ. ಇನ್ನೊಂದು ವರ್ಷ ಮಿರಜೆಗೂ ಹೋಗಬಹುದು. ಅಲ್ಲಿಯ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅವನ್ನು ಮಾಡುವ ಮನೆತನಗಳವರು ಶಿಕಲಗಾರರು. ಒಂದು ಕಾಲದಲ್ಲಿ ಕತ್ತಿಗಳಿಗೆ ಸಾಣೆ ಹಿಡಿಯುತ್ತಿದ್ದವರು. ಸಂಸ್ಥಾನಗಳ ಕತ್ತಿಗಳಿಗೆ ಕೆಲಸ ತಪ್ಪಿದ ಮೇಲೆ ಆ ಕೈಗಳು ಸೊಲ್ಲಾಪುರ ಸೀಮೆಯ ದೊಡ್ಡ ಕುಂಬಳಬುರುಡೆಗಳನ್ನು ಕೊರೆದು ತಂಬೂರಿ ಮಾಡಿದವು. ಬುರುಡೆಗೆ ಹಲಗೆ ಕೂಡಿಸುವುದನ್ನು ಮಗು ಕಣ್ಣಾರೆ ಕಂಡರೆ, ಆಫ್ರಿಕಾದ ಬುರುಡೆಯ ಬ್ಯಾಂಜೋ ಕೂಡ ಅದಕ್ಕೆ ದೂರದ್ದು ಅನ್ನಿಸುವುದಿಲ್ಲ.

ದೊಡ್ಡ ಗವಾಯಿಗಳ ಹೆಸರು ಹೇಗೋ ಉಳಿಯುತ್ತದೆ. ಹೆಸರೇ ಉಳಿಯದವರ ಹಾಡಿನ ಬಗ್ಗೆ ನನಗೆ ಹೆಚ್ಚು ಚಿಂತೆ.

ಕಳೆದ ಚಳಿಗಾಲದಲ್ಲಿ ನಮ್ಮ ಭಾಗದ ಒಂದು ಶಾಲೆಯ ಗ್ಯಾದರಿಂಗಿಗೆ ಹೋಗಿದ್ದೆ. ಮೂರನೇ ಇಯತ್ತೆಯ ಹುಡುಗಿಯರು ಹಸಿರು ಸೀರೆ ಉಟ್ಟು, ಹಣೆತುಂಬ ಭಂಡಾರ ಬಳಿದುಕೊಂಡು, ತಲೆಯ ಮೇಲೆ ಪ್ಲಾಸ್ಟಿಕ್ಕಿನ ಕೊಡ ಹೊತ್ತು ‘ಜೋಗವಾ’ ಸಿನಿಮಾದ ಹಾಡಿಗೆ ಕುಣಿದರು. ಸೊಗಸಾಗಿ ಕುಣಿದರು. ಅವರಲ್ಲಿ ನನ್ನ ಮೊಮ್ಮಗಳೂ ಇದ್ದಳು. ಮನೆಗೆ ಬಂದು ಮುಖ ತೊಳೆಯುವಾಗ ‘ಅಜ್ಜಿ, ಜೋಗತಿ ಅಂದ್ರ ಯಾರು?’ ಎಂದು ಕೇಳಿದಳು. ದಿನಗಟ್ಟಲೆ ತಾಲೀಮು ನಡೆದಿತ್ತು, ಕೈ ಹೇಗೆ ಎತ್ತಬೇಕು, ಯಾವ ಪೆಟ್ಟಿಗೆ ತಿರುಗಬೇಕು ಎಂದು ಹೇಳಿಕೊಟ್ಟಿದ್ದರು. ಅದೊಂದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಗಡಹಿಂಗ್ಲಜದವರೇ, 2009ರ ಆ ಸಿನಿಮಾದ ಕತೆ ನಿಮ್ಮ ತಾಲೂಕಿನದು. ಕರಂಬಳಿ ಊರಿನ ಲೇಖಕ ರಾಜನ್ ಗವಸ್ ಬರೆದ ‘ಚೌಂಡಕಂ’, ‘ಭಂಡಾರಭೋಗ’ ಕಾದಂಬರಿಗಳ ಆಧಾರ ಅದಕ್ಕಿದೆ. ಗವಸರ ಮರಾಠಿಯಲ್ಲಿ ಕನ್ನಡದ ಉಸಿರಾಟ ಕೇಳಿಸುತ್ತದೆ. ಮೊದಲ ಕಾದಂಬರಿಗೆ ಅವರಿಟ್ಟ ಹೆಸರು ಒಂದು ವಾದ್ಯದ್ದು, ನಾವು ಚೌಡಿಕೆ ಎನ್ನುವುದು. ಒಮ್ಮೆಯಾದರೂ ಅದನ್ನು ಮಕ್ಕಳ ಕೈಯಲ್ಲಿ ಕೊಡಿರಿ. ಕಟ್ಟಿಗೆ ಕೊರೆದು ಮಾಡಿದ, ಸೇರಿಗಿಂತ ಸ್ವಲ್ಪ ದೊಡ್ಡ ಕೊಳವೆ. ತಳಕ್ಕೆ ಚರ್ಮ ಬಿಗಿದಿರುತ್ತದೆ, ಮೇಲ್ಬಾಯಿ ತೆರೆದಿರುತ್ತದೆ. ಚರ್ಮದ ನಡುಮಧ್ಯದಿಂದ ಒಂದೇ ಒಂದು ತಂತಿ ಹೊರಟು, ಕೊಳವೆಯ ಮಗ್ಗುಲಿಗೆ ನಿಲ್ಲಿಸಿದ ಕೋಲಿನ ತುದಿಯ ಕುಣಿಕೆಗೆ ಸೇರುತ್ತದೆ. ಎಡಗಂಕುಳಲ್ಲಿ ಅದನ್ನು ಅವುಚಿ ಹಿಡಿದು, ಬಲಗೈಯ ಸಣ್ಣ ಕಡ್ಡಿಯಿಂದ ಮೀಟುತ್ತಾರೆ. ತಂತಿ ಬಿಗಿದಾಗ ದನಿ ಏರುತ್ತದೆ, ಸಡಿಲಾದಾಗ ಇಳಿಯುತ್ತದೆ. ಅಷ್ಟರಲ್ಲೇ ತಾಳವೂ ಆಯಿತು, ಶ್ರುತಿಯೂ ಆಯಿತು, ಹಾಡಿನ ಮಾತಿಗೆ ಮಾರುತ್ತರವೂ ಆಯಿತು. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಅದರೊಡನೆ ಬರುವ ಮಾತು ಕನ್ನಡ, ಮಾರ್ಗಶಿರದ ಜಾತ್ರೆ ಮುಗಿಸಿ ಕೊಲ್ಹಾಪುರಕ್ಕೆ ಮರಳಿದವರು ಹಳ್ಳದ ದಂಡೆಯ ರೇಣುಕೆಯ ಗುಡಿಯಲ್ಲಿ ಅಂಬಲಿ ಜಾತ್ರೆ ಮಾಡುವಾಗ ಮರಾಠಿ. ಯಲ್ಲಮ್ಮನ ಹೆಸರಿಗೆ ಬಿಟ್ಟ ಒಬ್ಬ ಜೋಗತಿಯೇ ಒಂದೇ ರಾತ್ರಿ ಎರಡೂ ಭಾಷೆಯಲ್ಲಿ ಹಾಡುವುದು ನಮ್ಮಲ್ಲಿ ಹೊಸದಲ್ಲ.

ಇದನ್ನು ಕಲಿಸುವಾಗ ಕಷ್ಟದ ಭಾಗವನ್ನು ಬಿಡಬಾರದು. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದ್ದು ಇದೇ ಯಲ್ಲಮ್ಮನ ಹೆಸರಿನಲ್ಲಿ. ಅದರ ವಿರುದ್ಧ 1970ರ ದಶಕದಲ್ಲಿ ಚಳವಳಿ ಎದ್ದ ಊರುಗಳಲ್ಲಿ ಗಡಹಿಂಗ್ಲಜ ಮುಂದಿತ್ತು. ಕರ್ನಾಟಕದಲ್ಲಿ 1982ರಲ್ಲಿ ಕಾನೂನು ಬಂತು. ಮೂರನೇ ಇಯತ್ತೆಗೆ ಇದೆಲ್ಲ ಬೇಡ. ಅವರಿಗೆ ಚೌಡಿಕೆಯ ದನಿ, ಯಲ್ಲಮ್ಮನ ಕತೆ ಸಾಕು. ಎಂಟು, ಒಂಬತ್ತನೆಯ ಮಕ್ಕಳಿಗೆ ಹೇಳಲೇಬೇಕು, ಆ ವಯಸ್ಸಿನವರಿಗೆ ಅರ್ಥವಾಗುತ್ತದೆ. ಜೋಗತಿ ನೃತ್ಯಕ್ಕಾಗಿ 2021ರಲ್ಲಿ ಪದ್ಮಶ್ರೀ ಪಡೆದ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಬದುಕನ್ನೂ ಅದರ ಜೊತೆಗಿಡಿರಿ. ಮನೆಯವರಿಂದಲೇ ದೂರವಾಗಬೇಕಾಗಿ ಬಂದ ಒಬ್ಬ ತೃತೀಯಲಿಂಗಿ ವ್ಯಕ್ತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಹಾಡಿನ ಹಾದಿಯಲ್ಲಿ ಅನ್ಯಾಯವೂ ಇದೆ, ಎದ್ದು ನಿಂತದ್ದೂ ಇದೆ. ಎರಡನ್ನೂ ಒರೆಸಿ ಬರೀ ಹಸಿರು ಸೀರೆಯನ್ನು ವೇದಿಕೆಗೆ ತಂದರೆ ಅದು ಆ ಹೆಣ್ಣುಮಕ್ಕಳಿಗೆ ಮಾಡುವ ಅಗೌರವ ಎಂದು ನಾನು ತಿಳಿಯುತ್ತೇನೆ.

ಹಲಗಿಯ ವಿಷಯವೂ ಹೀಗೆಯೇ. ಕೊಲ್ಹಾಪುರದ ಕುಸ್ತಿ ಮೈದಾನ, ಲಗ್ನದ ವರಾತ, ಊರ ಜಾತ್ರೆ, ಹಲಗಿ ಇಲ್ಲದೆ ಒಂದೂ ಇಲ್ಲ. ಆದರೆ ಸಾವಿನ ಸುದ್ದಿ ಸಾರುವುದಕ್ಕೂ ಅದನ್ನೇ ಬಾರಿಸಬೇಕಿತ್ತು, ಬಾರಿಸುವವರು ಊರ ಹೊರಗೆ ಇರಬೇಕಿತ್ತು. ಇಚಲಕರಂಜಿಗೆ ಹತ್ತಿರದ ಮಾಣಗಾವದಲ್ಲಿ 1920ರ ಮಾರ್ಚಿನಲ್ಲಿ ಪರಿಷತ್ತು ಸೇರಿ, ಶಾಹೂ ಮಹಾರಾಜರು ಅಂಬೇಡ್ಕರರನ್ನು ಜನರ ಮುಂದೆ ನಾಯಕರೆಂದು ಕರೆದದ್ದು ನಿಮಗೆಲ್ಲ ಗೊತ್ತು. ಆಮೇಲಿನ ವರ್ಷಗಳಲ್ಲಿ ಎಷ್ಟೋ ಮನೆಗಳವರು ಹೇಳಿಸಿಕೊಂಡು ಬಾರಿಸುವ ಹಲಗಿಯನ್ನು ಕೆಳಗಿಟ್ಟರು. ಅದೇ ಜನ ಜಲಸಾ ಕಟ್ಟಿ, ಡಪ್ಪು ತುಂತುಣಿ ಹಿಡಿದು, ತಮ್ಮ ಮಾತನ್ನು ತಾವೇ ಹಾಡಿದರು. ವಾದ್ಯವನ್ನು ಕೆಳಗಿಟ್ಟದ್ದೂ ಮತ್ತೆ ಎತ್ತಿಕೊಂಡದ್ದೂ ಸಂಗೀತದ ಇತಿಹಾಸವೇ. ಆದ್ದರಿಂದ ನನ್ನದೊಂದು ಕಟ್ಟುನಿಟ್ಟಿನ ಮನವಿ: ಶಾಲೆಯಲ್ಲಿ ಹಲಗಿ ತಂದಾಗ, ‘ನಿಮ್ಮ ಅಪ್ಪ ಬಾರಿಸ್ತಾನಲ್ಲ, ನೀನು ಬಾರಿಸು’ ಎಂದು ಒಂದು ಮಗುವಿನ ಕಡೆ ಬೊಟ್ಟು ಮಾಡಬೇಡಿರಿ. ಪಾಟೀಲರ ಮಗ, ಜೈನರ ಮಗಳು, ಮುಲ್ಲಾ ಅವರ ಹುಡುಗ ಎಲ್ಲರೂ ಸರದಿಯಂತೆ ಹಿಡಿಯಲಿ. ಎಡಗೈಯ ತೆಳ್ಳನೆ ಕಡ್ಡಿ ಬೇರೆ, ಬಲಗೈಯ ಗಿಡ್ಡ ಕೋಲು ಬೇರೆ, ಎರಡನ್ನೂ ಕೂಡಿಸುವುದು ಎಷ್ಟು ಕಷ್ಟವೆಂಬುದು ಕೈಗೆ ಬಂದಾಗ ಗೊತ್ತಾಗುತ್ತದೆ. ಕಲಿಸಲು ಬಂದ ಕಲಾವಿದರಿಗೆ ಶಾಲೆಯಲ್ಲಿ ಕುರ್ಚಿ ಹಾಕಿರಿ, ಸಂಭಾವನೆ ಕೊಡಿರಿ, ಹೆಸರನ್ನು ಕರಿಹಲಗೆಯ ಮೇಲೆ ಬರೆಯಿರಿ.

ಪಟ್ಟಣಕೊಡೋಲಿಯ ವಿಠ್ಠಲ-ಬೀರದೇವರ ಜಾತ್ರೆಗೆ ನಿಮ್ಮ ಮಕ್ಕಳು ಹೋಗಿಯೇ ಇರುತ್ತಾರೆ. ಅಲ್ಲಿಯ ಧನಗರರ ಢೋಲೂ ನಮ್ಮ ಹಾಲುಮತದವರ ಡೊಳ್ಳೂ ಒಂದೇ ದೇವರ ಮುಂದೆ ಮೊಳಗುತ್ತವೆ, ಅವರ ಓವಿಯ ಬಿರೋಬಾ ಇವರ ಪದದ ಬೀರಪ್ಪ. ಕುರಿಗಳ ಹಿಂದೆ ಮಳೆಗಾಲಕ್ಕೊಂದು ಸೀಮೆ, ಬೇಸಗೆಗೊಂದು ಸೀಮೆ ನಡೆದವರಿಗೆ ಭಾಷೆಯ ಗಡಿ ಹೊಲದ ಬದುವಿನಷ್ಟೂ ಎತ್ತರವಿರಲಿಲ್ಲ. ಭೂಗೋಳದ ಪಾಠದಲ್ಲಿ ಮಳೆಯ ನಕಾಶೆ ತೆಗೆಯಿಸುತ್ತೀರಲ್ಲ, ಕುರಿಗಾರರು ತಿರುಗುವ ದಾರಿಯನ್ನೂ ಅದರ ಮೇಲೆಯೇ ಬರೆಯಿಸಿರಿ.

ಎಲ್ಲಕ್ಕಿಂತ ಸುಲಭವಾದದ್ದು, ಎಲ್ಲಕ್ಕಿಂತ ಬೇಗ ಕಳೆದುಹೋಗುತ್ತಿರುವುದು ಬೀಸುವ ಪದ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಹಾಡುತ್ತಾರೆಂದು ಬರೆದಿಟ್ಟ. ಕನ್ನಡ ನಾಡಿನ ದೊರೆ, ಸಂಸ್ಕೃತದ ಪುಸ್ತಕ, ಮರಾಠಿ ಹೆಂಗಸರ ಹಾಡು. ಕನ್ನಡದ ತ್ರಿಪದಿಯೋ ಅದಕ್ಕೂ ಹಿಂದಿನದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು 700ರ ಹೊತ್ತಿಗೇ ಕಲ್ಲಿನ ಮೇಲಿದೆ. ನಮ್ಮ ಗಡಿನಾಡಿನ ಹೆಣ್ಣುಮಕ್ಕಳು ಇವೆರಡನ್ನೂ ಒಂದೇ ಬೀಸುಕಲ್ಲಿನ ಮುಂದೆ ಕೂಡಿಸಿದರು. ತವರು ನಿಪ್ಪಾಣಿ, ಅತ್ತೆಮನೆ ಕಾಗಲ. ತವರಿನ ನೆನಪಿಗೆ ಕನ್ನಡದ ತ್ರಿಪದಿ, ಅತ್ತೆಗೆ ಕೇಳಿಸಬೇಕಾದ ಮಾತಿಗೆ ಮರಾಠಿಯ ಓವಿ. ನನ್ನ ಅವ್ವ ಹೀಗೆ ಹಾಡುವುದನ್ನು ಕೇಳಿಯೇ ನಾನು ಎರಡೂ ಭಾಷೆ ಕಲಿತೆ. ಹಿಟ್ಟಿನ ಗಿರಣಿ ಬಂದಮೇಲೆ ಬೀಸುಕಲ್ಲು ಮೂಲೆ ಸೇರಿತು, ಹಾಡುವ ಹೊತ್ತು ಹೋಯಿತು.

ಆದರೂ ಹಾಡುವವರು ಇನ್ನೂ ಇದ್ದಾರೆ, ಕೇಳಿ ಬರೆದಿಟ್ಟವರ ಮಾದರಿಯೂ ನಮ್ಮ ಮುಂದಿದೆ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ತಮ್ಮ ಊರಿನ ಹೆಂಗಸರ ಬಾಯಿಂದಲೇ ಕೇಳಿ ಬರೆದುಕೊಂಡ ಪದಗಳು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚಾದವು. ಈ ಕಡೆ ಗೀ ಪ್ವಾತ್ವೆನ್, ಹೇಮಾ ರಾಯರಕರ ಅವರ ಬಳಗ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬೀಸುಕಲ್ಲಿನ ಓವಿಗಳನ್ನು ಕೂಡಿಹಾಕಿದೆ. ಹಾಡಿದವರ ಹೆಸರು, ಊರು ಕೂಡ ಬರೆದುಕೊಂಡಿದೆ. ನಿಮ್ಮ ಒಂದು ವರ್ಗದಲ್ಲಿ ನಲವತ್ತು ಮಕ್ಕಳಿದ್ದರೆ ನಲವತ್ತು ಮನೆಗಳಲ್ಲಿ ಅಜ್ಜಿಯೋ, ಅಜ್ಜಿಯ ಅಕ್ಕತಂಗಿಯೋ ಇರುತ್ತಾರೆ. ಮಗುವಿನ ಕೈಯಲ್ಲಿ ಮೊಬೈಲಿದೆ. ಹೋಗಿ ಕೇಳಲಿ: ಈ ಹಾಡು ಯಾರಿಂದ ಕಲಿತಿ? ಆಗ ಏನು ಕೆಲಸ ಮಾಡುತ್ತಿದ್ದಿ? ನಿನ್ನ ತವರು ಯಾವುದು? ಬೇರೆ ಭಾಷೆಯಲ್ಲೂ ಇದು ಇದೆಯೇ? ಅಜ್ಜಿ ಒಪ್ಪಿದರೆ ಮಾತ್ರ ಮುದ್ರಿಸಿಕೊಳ್ಳಲಿ. ಅವಳ ಹೆಸರನ್ನು ಮೊದಲು ಬರೆಯಲಿ, ಹಾಡನ್ನು ಆಮೇಲೆ.

ಇಚಲಕರಂಜಿಯ ವರ್ಗಗಳಲ್ಲಿ ಈ ಪ್ರಶ್ನೆಗಳಿಗೆ ಬರುವ ಉತ್ತರ ಬೇರೆಯೇ ಇರುತ್ತದೆ. ಮಗ್ಗದ ಕೆಲಸಕ್ಕೆ ಬಂದವರಲ್ಲಿ ಉತ್ತರ ಕರ್ನಾಟಕದವರಿದ್ದಾರೆ, ತೆಲುಗು ಮಾತಿನ ನೇಕಾರರಿದ್ದಾರೆ, ಉತ್ತರ ಪ್ರದೇಶ, ಬಿಹಾರದ ಕುಟುಂಬಗಳಿವೆ. ಆ ಮಗುವಿನ ಅಜ್ಜಿ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿರಬಹುದು. ಅವ್ವ ಛಠ್ ಹಬ್ಬಕ್ಕೆ, ಮಗ್ಗುಲು ಮನೆಯ ಮದುವೆಗೆ ಭೋಜಪುರಿಯಲ್ಲಿ ಹಾಡುತ್ತಾಳೆ. ‘ನಮ್ಮ ಲೋಕಗೀತೆ’ ಎಂಬ ತಾಸಿನಲ್ಲಿ ಆ ಮಗು ಬಾಯಿಮುಚ್ಚಿ ಕೂಡುವಂತಾಗಬಾರದು. ಗ್ವಾಲಿಯರಿನ ಗಾಯನ, ಇರಾನಿನ ಲೇಜಿಮು, ಜಪಾನಿನ ಬ್ಯಾಂಜೋ ನಮ್ಮದಾದ ಊರಿನಲ್ಲಿ ಆ ಅವ್ವನ ಹಾಡೂ ಇಚಲಕರಂಜಿಯದೇ. ಅವಳನ್ನು ಶಾಲೆಗೆ ಕರೆಸಿರಿ. ಮಗ್ಗದ ಪಾಳಿ ನೋಡಿಕೊಂಡು ಹೊತ್ತು ಗೊತ್ತುಮಾಡಿರಿ. ಬಂದ ದಿನದ ಕೂಲಿ ಅವಳಿಗೆ ತಪ್ಪಬಾರದು.

ಇದಕ್ಕೆಲ್ಲ ವೇಳೆ ಎಲ್ಲಿದೆ ಎಂದು ನೀವು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತದೆ. ಗಣತಿ, ಚುನಾವಣೆ, ಆನ್‌ಲೈನ್ ಮಾಹಿತಿ, ಮಧ್ಯಾಹ್ನದ ಊಟದ ಲೆಕ್ಕ, ಎಲ್ಲ ನಿಮ್ಮ ತಲೆಯ ಮೇಲೆಯೇ ಇದೆ. ಕಲಾ-ಕಾರ್ಯಾನುಭವದ ತಾಸು ಗಣಿತಕ್ಕೆ ಹೋಗುತ್ತದೆಂಬುದೂ ಗೊತ್ತು. ಆದರೆ ‘ಆನಂದದಾಯಿ ಶನಿವಾರ’ ಎಂದು ಒಂದು ದಿನ ನಿಮ್ಮ ಕೈಯಲ್ಲಿದೆ. ಆ ಶನಿವಾರಗಳಲ್ಲಿ ತಿಂಗಳಿಗೆ ಒಂದನ್ನು ಇದಕ್ಕೆ ಇಡಿರಿ. ಒಂದು ಶನಿವಾರಕ್ಕೆ ಒಂದೇ ವಾದ್ಯ ಅಥವಾ ಒಂದೇ ಹಾಡು, ಅದನ್ನು ತಂದವರು ಒಬ್ಬರು, ಅದು ನಡೆದು ಬಂದ ದಾರಿ ನಕಾಶೆಯ ಮೇಲೆ ಒಂದು ಗೆರೆ. ಹೊಸ ಪುಸ್ತಕ ಬೇಡ, ಸಂಗೀತದ ಮಾಸ್ತರರೂ ಬೇಡ. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದ ಸಂಸ್ಥಾನದ ನೆಲದಲ್ಲಿ ನೀವು ಕೆಲಸ ಮಾಡುತ್ತಿದ್ದೀರಿ. ಹಲಗಿಯವರ ಮಗನನ್ನೂ ಗವಾಯಿಯ ಮಗನನ್ನೂ ಒಂದೇ ವರ್ಗದಲ್ಲಿ ಕೂಡಿಸುವುದು ಆಗ ಇದಕ್ಕಿಂತ ಎಷ್ಟೋ ಕಷ್ಟವಿತ್ತು.

ಮಕ್ಕಳು ತಂದ ಹಾಡುಗಳಲ್ಲಿ ಕನ್ನಡದ್ದು ಮರಾಠಿ ಮಾಸ್ತರರಿಗೆ ತಿಳಿಯದೆ ಹೋದರೆ, ಮರಾಠಿಯದು ಕನ್ನಡ ಶಾಲೆಯವರಿಗೆ ಬಿಡಿಸದಿದ್ದರೆ, ಕೂತು ಅರ್ಥ ಹೇಳಲು ಎರಡೂ ಭಾಷೆ ಬಲ್ಲ ನನ್ನಂಥ ಮುದುಕಿಯರು ಊರೂರಲ್ಲಿ ಇದ್ದೇವೆ. ಕರೆಯಿರಿ, ಬರುತ್ತೇವೆ. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಏಳೂವರೆಗೆ ಬಂದರೆ ಆದೀತೇ ಎಂಬುದನ್ನು ಮಾತ್ರ ಮೊದಲೇ ತಿಳಿಸಿರಿ. ನಮ್ಮಲ್ಲಿ ಕೆಲವರಿಗೆ ಹಳ್ಳಿಯಿಂದ ಮೊದಲ ಎಸ್ಟಿ ಹಿಡಿಯಬೇಕಾಗುತ್ತದೆ.

ತಮ್ಮ ವಿಶ್ವಾಸಿ,
ಒಬ್ಬ ಅಜ್ಜಿ ಪಾಲಕಿ
ಗಡಹಿಂಗ್ಲಜ ತಾಲೂಕು, ಕೊಲ್ಹಾಪುರ ಜಿಲ್ಲೆ